ಹಂಡೆ ಒಲೆ ಹೊತ್ತಿಸಿದರೆ ಹೊಗೆ ಒಳಗೇ ಬರುವುದು ಯಾಕೆ?

ಪ್ರಶ್ನೆ: ಊರು ಬಿಟ್ಟು ಮಲೆನಾಡಿನ ಹಳೇ ಮನೆಗೆ ಬಂದಿದ್ದೇವೆ. ಬಚ್ಚಲಲ್ಲಿ ಹಂಡೆ ಒಲೆ ಇದೆ, ಚಿಮಣಿಯೂ ಇದೆ. ಆದರೂ ಬೆಳಿಗ್ಗೆ ಬೆಂಕಿ ಹಾಕಿದರೆ ಮೊದಲ ಕಾಲು ಗಂಟೆ ಹೊಗೆಯೆಲ್ಲ ಮುಖಕ್ಕೇ ಬರುತ್ತದೆ. ಸೀಮೆಎಣ್ಣೆ ಸುರಿದರೂ ಅಷ್ಟೇ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ಮೊದಲು ಆ ಸೀಮೆಎಣ್ಣೆ ಡಬ್ಬಿಯನ್ನು ಬಚ್ಚಲಿನಿಂದ ಆಚೆ ಇಟ್ಟು ಬನ್ನಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸೌದೆ ಒಲೆ ಅಂದ ಕೂಡಲೇ ನಮಗೆ ಊದುಗೊಳವೆ ನೆನಪಾಗುತ್ತದೆ. ಆದರೆ ಚಿಮಣಿ ಇರುವ ಒಲೆಯನ್ನು ಊದಿ ಉರಿಸುವುದಲ್ಲ, ಅದೇ ಗಾಳಿ ಎಳೆದುಕೊಳ್ಳಬೇಕು. ಬಿಸಿ ಗಾಳಿ ಹಗುರ, ಚಿಮಣಿಯಲ್ಲಿ ಮೇಲೇರುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ, ಬೆಂಕಿ ಉರಿಯುತ್ತದೆ. ಇಷ್ಟೇ ಗುಟ್ಟು. ಆದರೆ ರಾತ್ರಿಯಿಡೀ ತಣ್ಣಗಾದ ಚಿಮಣಿಯೊಳಗೆ ತಂಪು ಗಾಳಿ ಬಾಟಲಿಯ ಬಿರಡೆಯ ಹಾಗೆ ಕೂತಿರುತ್ತದೆ. ಈಗ ತಾನೇ ಹೊತ್ತಿದ ಮಂಕು ಬೆಂಕಿಗೆ ಅದನ್ನು ಮೇಲಕ್ಕೆ ತಳ್ಳುವ ಶಕ್ತಿ ಇಲ್ಲ. ಹೊಗೆಗೆ ಉಳಿಯುವ ದಾರಿ ನಿಮ್ಮ ಮುಖವೇ.

ಹಾಗಾಗಿ ಮೊದಲು ಕಾಯಬೇಕಾದದ್ದು ಹಂಡೆಯಲ್ಲ, ಚಿಮಣಿ. ಹಳೇ ಬೂದಿ ತೆಗೆಯಿರಿ. ಬಚ್ಚಲಿನ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಡಿ. ಒಳಗೆ ಗಾಳಿ ಬರದೆ ಮೇಲೆ ಹೋಗುವುದಾದರೂ ಹೇಗೆ, ಅಲ್ವಾ? ಒಣಗಿದ ಅಡಿಕೆ ಸೋಗೆ ಅಥವಾ ಒಂದೆರಡು ಹಾಳೆ ಪೇಪರ್ ಮುದುರಿ ಒಲೆಯ ಹಿಂಭಾಗದಲ್ಲಿ, ಚಿಮಣಿಗೆ ಹೊಗೆ ಹೋಗುವ ಕಿಂಡಿಯ ಹತ್ತಿರ ಇಟ್ಟು ಹೊತ್ತಿಸಿ. ಭಗ್ ಅಂತ ಉರಿದು ಹೋಗಲಿ. ನಂತರ ಒಲೆಯ ಬಾಯಿಗೆ ಒಂದು ಊದುಬತ್ತಿ ಹಿಡಿದು ನೋಡಿ. ಅದರ ಹೊಗೆ ಒಳಕ್ಕೆ ಎಳೆದುಕೊಂಡು ಹೋದರೆ ಚಿಮಣಿ ಎದ್ದಿದೆ. ಹೊರಕ್ಕೆ ಬಂದರೆ ಇನ್ನೊಂದು ಹಿಡಿ ಸೋಗೆ ಹಾಕಿ.

ಆಮೇಲೆ ಹೆಬ್ಬೆರಳು ಗಾತ್ರದ ಪುಳ್ಳೆ, ಚಕ್ಕೆ. ಒಂದರ ಮೇಲೊಂದು ಅಡ್ಡಡ್ಡ ಇಡಿ, ನಡುವೆ ಸಂದು ಇರಲಿ. ಅವು ಚೆನ್ನಾಗಿ ಹೊತ್ತಿಕೊಂಡ ಮೇಲೇ ದಪ್ಪ ಸೌದೆ, ಅದೂ ಎರಡೋ ಮೂರೋ. ಹೊಸಬರು ಮಾಡುವ ತಪ್ಪು ಒಂದೇ: ಬೇಗ ಕಾಯಲಿ ಅಂತ ಒಲೆಯ ಬಾಯಿ ತುಂಬ ಸೌದೆ ತುರುಕುವುದು. ಗಾಳಿ ಹೋಗುವ ದಾರಿ ಮುಚ್ಚಿತು ಅಂದರೆ ಅದು ಒಲೆಯಲ್ಲ, ಹೊಗೆ ಗೂಡು.

ಸೌದೆಯ ವಿಷಯಕ್ಕೆ ಬರೋಣ. ಅರ್ಧ ತಪ್ಪು ಅಲ್ಲೇ ಇರುತ್ತದೆ ಅನ್ನೋದು ನನ್ನ ಅನುಭವ. ಹೊಸದಾಗಿ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ನಿಮ್ಮ ಹಂಡೆಗೆ ಹೋಗಬೇಕಾದ ಬಿಸಿ ಮೊದಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಬೆಂಕಿ ತಣ್ಣಗೆ, ಹೊಗೆ ಜಾಸ್ತಿ. ನೀರಿನ ಅಂಶ ಶೇ. 20ಕ್ಕಿಂತ ಕಡಿಮೆ ಆಗಬೇಕು, ಅದಕ್ಕೆ ಸೀಳಿ ಒಟ್ಟಿದ ಸೌದೆಗೂ ಆರು ತಿಂಗಳಿಂದ ಒಂದು ವರ್ಷ ಬೇಕು. ಮಲೆನಾಡಿನವರು ಬೇಸಿಗೆಯಲ್ಲೇ ಸೌದೆ ಕೊಟ್ಟಿಗೆ ತುಂಬಿಸಿಕೊಳ್ಳುವುದು ಸುಮ್ನೆ ಅಲ್ಲ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ಅಂದ ಹಾಗೆ, ಚೇರಿನ ಮರ ಮಾತ್ರ ಬೇಡ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಹೊಗೆಯ ಸಹವಾಸವೂ ಬೇಡ.

ಹಂಡೆಯ ಸುತ್ತ ಮಣ್ಣಿನ ಮೆತ್ತಿಗೆ ಬಿರುಕು ಬಿಟ್ಟಿದೆಯೇ ಅಂತಲೂ ನೋಡಿ. ಬಿರುಕು ಏನು ಮಾಡುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. ಅಲ್ಲಿಂದ ಬಂದ ಅಸ್ತ್ರ ಒಲೆಗೆ ಪಾತ್ರೆ ಇಡಲು ಮೂರು ಕಣ್ಣು, ಕೆಳಗೆ ಜಾಲರಿ, ಕೊನೆಗೆ ಚಿಮಣಿ. ಮೂರರಲ್ಲಿ ಒಂದು ಕಣ್ಣಿಗೆ ಪಾತ್ರೆ ಇಡದೆ ಬಿಟ್ಟರೂ ಗಾಳಿ ಅಲ್ಲಿಂದಲೇ ನುಗ್ಗಿ ಎಳೆತ ಕೆಡುತ್ತದೆ. ನಿಮ್ಮ ಹಂಡೆಯ ಬಿರುಕೂ ಮಾಡುವುದು ಅದನ್ನೇ. ಒಂದು ಮುದ್ದೆ ಜೇಡಿಮಣ್ಣು ಸಾಕು, ಐದು ನಿಮಿಷದ ಕೆಲಸ.

ಈಗ ಸೀಮೆಎಣ್ಣೆ. ಆರಿದೆ ಅಂದುಕೊಂಡ ಒಲೆಯಲ್ಲಿ ಕೆಂಡ ಉಳಿದಿರುತ್ತದೆ. ಅದರ ಮೇಲೆ ಎಣ್ಣೆ ಬಿದ್ದರೆ ಮೊದಲು ಆವಿ ಏಳುತ್ತದೆ, ಆ ಆವಿಗೆ ಬೆಂಕಿ ಹತ್ತಿದರೆ ಅದು ಕೈಯಲ್ಲಿರುವ ಡಬ್ಬಿಯವರೆಗೂ ಬರಬಹುದು. ಪೆಟ್ರೋಲಂತೂ ಕೇಳಲೇಬೇಡಿ. ಪ್ಲಾಸ್ಟಿಕ್ ಕವರ್ ಹಾಕಿ ಹೊತ್ತಿಸುವ ಅಭ್ಯಾಸವೂ ಬೇಡ, ಅದರ ಹೊಗೆ ವಿಷ. ಒಲೆ ಮುಂದೆ ಕೂರುವಾಗ ನೈಲಾನ್ ಸೀರೆ, ಜೋತಾಡುವ ದುಪಟ್ಟಾ ಬಿಟ್ಟು ಹತ್ತಿ ಬಟ್ಟೆ ಹಾಕಿಕೊಳ್ಳಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ ಏನೂ ಬೇಡ. ಹಂಡೆಯಲ್ಲಿ ನೀರು ತುಂಬಿಸಿಯೇ ಬೆಂಕಿ ಹಾಕಿ.

ಹೊಗೆಗಿಂತ ನನಗೆ ಹೆದರಿಕೆ ಕೆಂಡದ್ದು. ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಲೆ ಬಚ್ಚಲೊಳಗೇ ಇದ್ದರೆ ಬಾಗಿಲು, ಕಿಟಕಿ ಎಲ್ಲ ಜಡಿದು ಸ್ನಾನ ಮಾಡಬೇಡಿ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತರಲೇಬೇಡಿ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ತಕ್ಷಣ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೊರಡಿ.

ಬೂದಿಯನ್ನು ತಗಡಿನ ಬಕೆಟ್‌ಗೇ ಹಾಕಿ. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಒಂದೆರಡು ದಿನ ಜೀವ ಹಿಡಿದಿರುತ್ತದೆ. ಒಮ್ಮೆ ನಾನು ಬೆಳಗಿನ ಬೂದಿಯನ್ನು ಸಂಜೆ ಗೊಬ್ಬರದ ಗುಂಡಿಗೆ ಸುರಿದೆ. ರಾತ್ರಿ ಅಡಿಕೆ ಸಿಪ್ಪೆ ರಾಶಿ ಹೊಗೆಯಾಡುತ್ತಿತ್ತು, ನಾಲ್ಕು ಕೊಡ ನೀರು ಹೊತ್ತೆವು.

ವರ್ಷಕ್ಕೆ ಎರಡು ಸಲವಾದರೂ ಚಿಮಣಿಯ ಮಸಿ ಕೆಡವಿ. ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಮತ್ತು ಒಂದು ಕಲ್ಲು ಕಟ್ಟಿ ಮೇಲಿಂದ ಇಳಿಸಿ ಎಳೆದಾಡಿದರೆ ಆಯಿತು. ಹಸಿ ಸೌದೆ ಸುಟ್ಟಲ್ಲಿ ಟಾರಿನಂಥ ಅಂಟು ಮಸಿ ಕಟ್ಟುತ್ತದೆ, ಅದಕ್ಕೇ ಬೆಂಕಿ ಹಿಡಿಯಬಹುದು. ಚಿಮಣಿಯೊಳಗೆ ಗುಡುಗುಡು ಸದ್ದು ಕೇಳಿದರೆ ಮೇಲಿಂದ ನೀರು ಸುರಿಯಬೇಡಿ. ಒಲೆಯ ಬಾಯಿಗೆ ತಗಡು ಮುಚ್ಚಿ, ಮನೆಯವರನ್ನು ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ.

ಇಷ್ಟಾದರೂ ಹೊಗೆ ಬಂದರೆ ಅಂಗಳಕ್ಕೆ ಹೋಗಿ ಚಿಮಣಿಯ ತುದಿ ನೋಡಿ. ಹಕ್ಕಿ ಗೂಡು ಕಟ್ಟಿರಬಹುದು. ಇಲ್ಲವೇ ತುದಿ ಮಾಡಿನ ನೆತ್ತಿಗಿಂತ ತಗ್ಗಿರಬಹುದು. ಆಗ ಮಾಡು ದಾಟಿ ಬರುವ ಗಾಳಿ ಹೊಗೆಯನ್ನು ವಾಪಸ್ ಕೆಳಗೆ ಒತ್ತುತ್ತದೆ. ಗಾರೆಯವರನ್ನು ಕರೆದು ಎತ್ತರಿಸಬೇಕು, ಮಳೆಗಾಲಕ್ಕೆ ಮುಂಚೆ.