ಮುಳ್ಳುಹಂದಿ ಇಲಿಗಳ ಬಳಗಕ್ಕೆ ಸೇರಿದ್ದು ಹೇಗೆ?

ಓದುಗರ ಪ್ರಶ್ನೆ: ಇಲಿ, ಅಳಿಲು ಒಂದೇ ಗುಂಪು ಅಂದರೆ ಒಪ್ಪಬಹುದು. ಆದರೆ ಮುಳ್ಳುಹಂದಿಯೂ ಅದೇ ಗುಂಪು, ಮೊಲ ಮತ್ತು ಸುಂಡಿಲಿ ಮಾತ್ರ ಅಲ್ಲ ಅಂತಾರಲ್ಲ, ಇದನ್ನು ಯಾವ ಆಧಾರದ ಮೇಲೆ ಹೇಳುತ್ತಾರೆ?

ಬಾಯಿ ನೋಡಿ ಹೇಳುತ್ತಾರೆ. ಹಲ್ಲು, ದವಡೆಯ ಮೂಳೆ, ಅದನ್ನು ಎಳೆಯುವ ಸ್ನಾಯು ಇವೇ ಮುಖ್ಯ. ಮೈಮೇಲೆ ಮುಳ್ಳಿದೆಯಾ, ಬಾಲ ಎಷ್ಟುದ್ದ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇಲಿಗಳ ಈ ದೊಡ್ಡ ಬಳಗಕ್ಕೆ ದಂಶಕಗಳು ಅಂತ ಹೆಸರು. ಇವಕ್ಕೆ ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು, ಅಷ್ಟೇ. ಅವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮೆಲ್ ಮುಂಭಾಗದಲ್ಲಿ ಮಾತ್ರ ಇರುವುದರಿಂದ ಹಿಂಭಾಗ ಬೇಗ ಸವೆದು, ತುದಿ ಬಡಗಿಯ ಉಳಿಯ ಹಾಗೆ ತಾನಾಗಿಯೇ ಹರಿತವಾಗುತ್ತದೆ. ಕೋರೆಹಲ್ಲು ಇಲ್ಲ, ಆ ಜಾಗ ಖಾಲಿ. ಮುಳ್ಳುಹಂದಿಯ ಬಾಯಲ್ಲಿ ಇದೆಲ್ಲ ಇದೆ. ಸುಂಡಿಲಿ ಹುಳಹುಪ್ಪಟೆ ತಿನ್ನುವ ಪ್ರಾಣಿ, ಅದರ ಬಾಯಲ್ಲಿ ಇಂಥ ಖಾಲಿ ಜಾಗವಿಲ್ಲ, ಚೂಪು ಹಲ್ಲುಗಳ ಸಾಲೇ ಇದೆ. ಮೊಲದ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಅಡಗಿರುತ್ತದೆ. ಮೊಲಗಳನ್ನು ಬೇರೆಯೇ ಗಣ ಮಾಡಬೇಕು ಅಂತ 1912ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಗಿಡ್ಲಿ ವಾದಿಸಿದರು, ಅದೇ ಉಳಿಯಿತು. ಆದರೂ ದಂಶಕಗಳಿಗೆ ತೀರಾ ಹತ್ತಿರದ ನೆಂಟರು ಮೊಲಗಳೇ.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ಸಸ್ತನಿಗಳಲ್ಲಿ ಸುಮಾರು 40% ಜಾತಿಗಳು ದಂಶಕಗಳೇ. ಬಾಚಿಹಲ್ಲು ಎಲ್ಲಕ್ಕೂ ಒಂದೇ ತರ ಇದ್ದರೆ ಒಳಗಿನ ಕವಲುಗಳನ್ನು ಬಿಡಿಸೋದು ಹೇಗೆ?

ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ, ಉಬ್ಬುತ್ತದಲ್ಲ, ಅದು ಮ್ಯಾಸೆಟರ್ ಸ್ನಾಯು. ಇಲಿ ಕಡಿಯುವಾಗ ಕೆಳದವಡೆಯನ್ನು ಮುಂದಕ್ಕೆ ತಳ್ಳಬೇಕು, ಅಗಿಯುವಾಗ ಹಿಂದಕ್ಕೆ ತರಬೇಕು, ಎರಡೂ ಒಟ್ಟಿಗೆ ಆಗೋದಿಲ್ಲ. ಹಾಗಾಗಿ ಈ ಸ್ನಾಯು ಮೂತಿಯ ಕಡೆಗೆ ಸರಿದಿದೆ, ಬೇರೆ ಬೇರೆ ಕವಲಿನಲ್ಲಿ ಬೇರೆ ಬೇರೆ ದಾರಿ ಹಿಡಿದು. ನಮ್ಮ ಕಣ್ಣಿನ ಕೆಳಗೆ ಮೂಳೆಯಲ್ಲಿ ಒಂದು ಚಿಕ್ಕ ತೂತಿದೆ, ಅದರಲ್ಲಿ ನರ, ರಕ್ತನಾಳ ಹಾದುಹೋಗುತ್ತವೆ. ಮುಳ್ಳುಹಂದಿಯಲ್ಲಿ ಅದೇ ತೂತು ದೊಡ್ಡ ಕಿಂಡಿಯಾಗಿದೆ, ಸ್ನಾಯುವಿನ ಒಳಪದರ ಅದರೊಳಗಿಂದ ನುಗ್ಗಿ ಮೂತಿಗೆ ಅಂಟಿಕೊಂಡಿದೆ. ಅಳಿಲಿನಲ್ಲಿ ತೂತು ಸಣ್ಣದು, ಸ್ನಾಯುವಿನ ಹೊರಪದರ ಮಾತ್ರ ಕಣ್ಣಿನ ಮುಂದೆ ಹಬ್ಬಿದೆ. ಇಲಿಯಲ್ಲಿ ಎರಡೂ ಉಂಟು. 1855ರಲ್ಲಿ ಪ್ರಾಣಿಶಾಸ್ತ್ರಜ್ಞ ಬ್ರಾಂಟ್ ಇದರ ಆಧಾರದ ಮೇಲೆಯೇ ಮೂರು ಗುಂಪು ಮಾಡಿದರು.

ಆದರೆ ಹಿಂಗಾಲಲ್ಲಿ ಜಿಗಿಯುವ ಪುಟ್ಟ ದಂಶಕ, ಆಫ್ರಿಕಾದ ಜೆರ್ಬೋವಾಕ್ಕೂ ದೊಡ್ಡ ಕಿಂಡಿ ಇದೆ, ಅದು ಮುಳ್ಳುಹಂದಿಯ ನೆಂಟನಲ್ಲ. ಬರೀ ಕಿಂಡಿ ನಂಬಿದರೆ ಕೆಲಸ ಕೆಡುತ್ತದೆ. ಇಲ್ಲಿಗೆ ಬಂದವರು ಸ್ವೀಡನ್ನಿನ ಉಪ್ಸಾಲಾದ ಪ್ರಾಧ್ಯಾಪಕ ಟೀಕೋ ಟುಲ್‌ಬರ್ಗ್, ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನೇಯಸ್ ವಂಶದವರೇ. 1899ರಲ್ಲಿ ದಂಶಕಗಳ ವರ್ಗೀಕರಣದ ಮೇಲೆ ಜರ್ಮನ್ ಭಾಷೆಯಲ್ಲಿ 500 ಪುಟಕ್ಕೂ ಜಾಸ್ತಿಯ ಗ್ರಂಥ ಹೊರತಂದರು. ಅವರು ಕೆಳದವಡೆಯ ಹಿಂದಿನ ಮೂಲೆಯನ್ನು ಹಿಡಿದರು. ಅಳಿಲು, ಇಲಿಗಳಲ್ಲಿ ಆ ಮೂಲೆ ಬಾಚಿಹಲ್ಲಿನ ಬೇರಿನ ಗೆರೆಯಲ್ಲೇ ಇಳಿಯುತ್ತದೆ. ಮುಳ್ಳುಹಂದಿ, ಗಿನಿಯಿಲಿ, ಕ್ಯಾಪಿಬಾರಾಗಳಲ್ಲಿ ಹಲ್ಲಿನ ಗೂಡಿನ ಹೊರಮಗ್ಗುಲಿಂದ ಹೊರಟು ಆಚೆಗೆ ಚಾಚುತ್ತದೆ. ದವಡೆಯನ್ನು ಕೆಳಗಿಂದ ನೋಡಿದರೆ ವ್ಯತ್ಯಾಸ ಸಲೀಸಾಗಿ ಕಾಣುತ್ತದೆ.

ಇದರ ಬಲ ಗೊತ್ತಾಗೋದು ಆಫ್ರಿಕಾದ ಬಿಲದಿಲಿಗಳಲ್ಲಿ, ಕೂದಲಿಲ್ಲದ ಆ ನೇಕೆಡ್ ಮೋಲ್ ರ‍್ಯಾಟ್ ಬಳಗದಲ್ಲಿ. ಕಿಂಡಿ ಚಿಕ್ಕದು, ಆದರೆ ದವಡೆಯ ಮೂಲೆ ಹೊರಚಾಚಿದೆ. ಟುಲ್‌ಬರ್ಗ್ ಮೂಲೆಯನ್ನೇ ನಂಬಿ ಮುಳ್ಳುಹಂದಿಯ ಜೊತೆ ಇಟ್ಟರು, ನೂರು ವರ್ಷದ ನಂತರ ಡಿಎನ್‌ಎಯೂ ಅದನ್ನೇ ಹೇಳಿತು. ಕತ್ತರಿ, ಭೂತಗನ್ನಡಿ ಹಿಡಿದು ಇಷ್ಟು ದೂರ ಕಂಡವರ ಬಗ್ಗೆ ನನಗೆ ತುಂಬಾ ಗೌರವ. ಟುಲ್‌ಬರ್ಗ್ ಮಾಡಿದ ವಿಂಗಡಣೆಯ ಇನ್ನರ್ಧ ಮಾತ್ರ ಉಳಿಯಲಿಲ್ಲ: ಅಳಿಲು ದವಡೆಯವೆಲ್ಲ ಒಂದೇ ಕುಲ ಅಲ್ಲ. ಉತ್ತರ ಆಫ್ರಿಕಾದ ಗುಂಡಿ ಎಂಬ ದಂಶಕಕ್ಕೆ ಅಳಿಲಿನ ದವಡೆ ಇದ್ದರೂ ಅದು ಮುಳ್ಳುಹಂದಿಯ ಕಡೆಯದು. 2005ರಲ್ಲಿ ಲಾವೋಸ್‌ನ ಕಲ್ಲಿಲಿಯ ಮೇಲೆ ಮೊದಲ ವರದಿ ಬಂತು, ಮಾಂಸಕ್ಕಾಗಿ ಸಂತೆಯಲ್ಲಿ ಮಾರುತ್ತಿದ್ದ ಪ್ರಾಣಿ ಅದು, ಅದರದೂ ಇದೇ ಕಥೆ.

ನಮ್ಮ ಪಶ್ಚಿಮ ಘಟ್ಟದಲ್ಲೂ ಇಂಥದ್ದೊಂದಿದೆ. ಬೆನ್ನ ಮೇಲೆ ಚಪ್ಪಟೆ ಮುಳ್ಳು, ಬಾಲದ ತುದಿಯಲ್ಲಿ ಕುಚ್ಚು ಇರುವ, ಮರದ ಪೊಟರೆಯಲ್ಲಿ ವಾಸಿಸುವ ಮಲಬಾರ್ ಮುಳ್ಳು ಡಾರ್ಮೌಸ್. 1859ರಲ್ಲಿ ಪ್ರಾಣಿಶಾಸ್ತ್ರಜ್ಞ ಬ್ಲೈತ್ ಇದಕ್ಕೆ ಹೆಸರಿಟ್ಟರು. ನೋಡೋಕೆ ಯುರೋಪಿನ ಡಾರ್ಮೌಸ್ ಎಂಬ ಪುಟ್ಟ ದಂಶಕದಂತೆಯೇ ಇರುವುದರಿಂದ ಬಹಳ ಕಾಲ ಅವುಗಳ ಜೊತೆಗೇ ಸೇರಿಸಿದ್ದರು. ಆದರೆ ಡಾರ್ಮೌಸ್‌ಗೆ ಒಂದೊಂದು ಬದಿಗೆ ನಾಲ್ಕು ದವಡೆ ಹಲ್ಲು, ಇದಕ್ಕೆ ಇಲಿಯಂತೆ ಮೂರೇ. ಈಗ ಡಿಎನ್‌ಎ ಇದನ್ನು ಇಲಿಗಳ ಕವಲಿನ ಬುಡದಲ್ಲೇ, ಬೇರೆ ಕುಟುಂಬವಾಗಿ ಇಟ್ಟಿದೆ.