ಪೋಲ್ ಸಾ ಹಿಡಿದು ಮರಗಸಿ: ಮೊದಲು ನಿಲ್ಲುವ ಜಾಗ, ಆಮೇಲೆ ಗರಗಸ

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಮರಗಸಿ ಮಾಡುತ್ತಾರೆ. ನೆರಳಿನ ಮರಗಳ ಕೊಂಬೆ ಇಳಿಸಿ ಗಿಡಕ್ಕೆ ಗಾಳಿ, ಬೆಳಕು ಬಿಡುವ ಕೆಲಸ. ಕೊಡಗಿನ ಕಡೆ ಮರ ಕಪಾತು ಅಂತಾರೆ. ಮೊದಲೆಲ್ಲ ಇದಕ್ಕೆ ಮರ ಹತ್ತಲೇಬೇಕಿತ್ತು. ಮರಗಸಿ ಮಾಡುವಾಗ ಬಿದ್ದು ಸತ್ತವರ, ಸೊಂಟ ಮುರಿದುಕೊಂಡವರ ಸುದ್ದಿ ಈಗಲೂ ಬರುತ್ತಲೇ ಇದೆ. ಹಾಗಾಗಿ ಉದ್ದ ಕೋಲಿನ ತುದಿಗೆ ಪುಟ್ಟ ಚೈನ್ ಸಾ ಕೂರಿಸಿದ ಪೋಲ್ ಸಾ ಬಂದಿದ್ದು ನಿಜಕ್ಕೂ ಒಳ್ಳೆಯದೇ. ನೆಲದ ಮೇಲೆ ನಿಂತೇ ಕೊಯ್ಯಬಹುದು.

ಆದರೆ ಕಲಿಯುವವರು ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಈ ಯಂತ್ರದಲ್ಲಿ ಗರಗಸ ನಮ್ಮಿಂದ ದೂರ ಇರುತ್ತದೆ, ಕೊಂಬೆ ಮಾತ್ರ ದೂರ ಇರುವುದಿಲ್ಲ. ಮರ ಹತ್ತಿದವನು ಕೊಂಬೆಯ ಮೇಲಿರುತ್ತಾನೆ, ನಾವು ಅದರ ಕೆಳಗಿರುತ್ತೇವೆ. ಅಪಾಯ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಅದಕ್ಕೇ ಈ ಟಿಪ್ಪಣಿಯಲ್ಲಿ ಯಂತ್ರಕ್ಕಿಂತ ಕಾಲಿಡುವ ಜಾಗದ ಮಾತೇ ಜಾಸ್ತಿ.

ಎಲ್ಲಕ್ಕಿಂತ ಮೊದಲು ತಂತಿ

ತೋಟದ ಒಳಗೆ, ರಸ್ತೆ ಬದಿಯಲ್ಲಿ ಕರೆಂಟ್ ಲೈನ್ ಹಾದುಹೋಗಿರುವುದು ಸಾಮಾನ್ಯ. ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಮೆಣಸು ಕೊಯ್ಯುವವರು ಸತ್ತಿರುವುದು ನಮಗೆಲ್ಲ ಗೊತ್ತು. ಪೋಲ್ ಸಾ ಕೂಡ ಅದೇ ಜಾತಿ. ಕೋಲು ಅಲ್ಯೂಮಿನಿಯಂದಾದರೂ ಕರೆಂಟ್ ಹರಿಯುತ್ತದೆ, ಕಾರ್ಬನ್ ಫೈಬರ್‌ದಾದರೂ ಹರಿಯುತ್ತದೆ. ಅಡಿಕೆಗೆ ಬಳಸುವ ಕಾರ್ಬನ್ ಫೈಬರ್ ದೋಟಿಗೂ ಈ ಮಾತು ಅನ್ವಯಿಸುತ್ತದೆ. ಹಿಡಿಗೆ ರಬ್ಬರ್ ಇದೆ ಅಂತ ನಂಬಬೇಡಿ, ಅದು ಕೈ ಜಾರದಿರಲಿ ಅಂತ ಇರುವುದು.

11 ಕೆವಿ ಲೈನ್ ಆದರೆ ಮುಟ್ಟಲೇಬೇಕು ಅಂತಿಲ್ಲ. ತೀರಾ ಹತ್ತಿರ ಹೋದರೆ ಕರೆಂಟ್ ಹಾರಿಬರುತ್ತದೆ. ಎಷ್ಟು ದೂರ ಇರಬೇಕು ಅಂದರೆ, ಕೆಲವು ತಯಾರಕರ ಕೈಪಿಡಿಯಲ್ಲಿ 10 ಮೀಟರ್ ಅಂತಿದೆ, ಕೆಲವರದ್ದರಲ್ಲಿ 15 ಮೀಟರ್. ನಾನು ದೊಡ್ಡದನ್ನೇ ಹಿಡಿಯಿರಿ ಅನ್ನುತ್ತೇನೆ. ಯಾಕೆಂದರೆ ಗರಗಸ ತಂತಿಯಿಂದ ದೂರ ಇದ್ದರೂ, ಕೊಯ್ದ ಕೊಂಬೆ ಓಲಾಡಿ ತಂತಿಯ ಮೇಲೆ ಬೀಳಬಹುದು. ಲೈನ್ ಪಕ್ಕದ ಮರ ಇಳಿಸಲೇಬೇಕಾದರೆ 1912ಕ್ಕೆ ಫೋನ್ ಮಾಡಿ. ಮೆಸ್ಕಾಂ ಆಗಲಿ ಸೆಸ್ಕ್ ಆಗಲಿ, ಅವರೇ ಬಂದು ಲೈನ್ ಆಫ್ ಮಾಡಬೇಕು. ಫ್ಯೂಸ್ ಕಿತ್ತಿದ್ದೇನೆ ಸಾಕು ಅಂತ ನಾವೇ ತೀರ್ಮಾನ ಮಾಡುವ ವಿಷಯ ಇದಲ್ಲ.

ಕೋಲಿನ ಕೋನ

ತಯಾರಕರ ಕೈಪಿಡಿಗಳಲ್ಲಿ ಒಂದು ಮಾತು ಕಾಣುತ್ತದೆ: ಕೋಲನ್ನು ನೆಲಕ್ಕೆ 60 ಡಿಗ್ರಿಗಿಂತ ಜಾಸ್ತಿ ಎತ್ತಬಾರದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ, ಆಗ ಅದು ಮರೆಯುವುದಿಲ್ಲ.

ಹಿಡಿದ ಕೈಯಿಂದ ಗರಗಸದವರೆಗೆ 4 ಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಕೈ ನೆಲದಿಂದ ಸುಮಾರು 1.2 ಮೀಟರ್ ಮೇಲಿರುತ್ತದೆ. ಕೋಲು 60 ಡಿಗ್ರಿಯಲ್ಲಿದ್ದರೆ ಗರಗಸ ನೆಲದಿಂದ ಸುಮಾರು 4.7 ಮೀಟರ್ ಎತ್ತರದಲ್ಲಿರುತ್ತದೆ. ಕೊಯ್ಯುವ ಜಾಗದ ನೇರ ಕೆಳಗಿನಿಂದ ನೀವು ನಿಂತಿರುವುದು ಬರೀ 2 ಮೀಟರ್ ದೂರದಲ್ಲಿ. ಈಗ ಕೋಲನ್ನು 45 ಡಿಗ್ರಿಗೆ ಇಳಿಸಿ. ಗರಗಸ 4 ಮೀಟರ್ ಎತ್ತರಕ್ಕೆ ಬಂತು, ನಿಮ್ಮ ದೂರ 2.8 ಮೀಟರ್ ಆಯಿತು. ಎತ್ತರದಲ್ಲಿ 70 ಸೆಂಟಿಮೀಟರ್ ಬಿಟ್ಟುಕೊಟ್ಟಿದ್ದಕ್ಕೆ ದೂರದಲ್ಲಿ 80 ಸೆಂಟಿಮೀಟರ್ ಸಿಕ್ಕಿತು. 75 ಡಿಗ್ರಿಗೆ ಏರಿಸಿದರೆ? ದೂರ ಸುಮಾರು 1 ಮೀಟರ್. ಅಂದರೆ ಕೊಂಬೆ ನಿಮ್ಮ ತಲೆಯ ಮೇಲೇ ಇದೆ.

ಇದರ ಜೊತೆಗೆ ಕೊಂಬೆಯ ಉದ್ದ ಸೇರಿಸಿ. 3 ಮೀಟರ್ ಉದ್ದದ ಕೊಂಬೆ ನೆಟ್ಟಗೆ ಬೀಳುವುದಿಲ್ಲ. ಎಲೆ ತುಂಬಿದ ತುದಿ ಮೊದಲು ನೆಲ ಮುಟ್ಟುತ್ತದೆ, ಬುಡ ಆಮೇಲೆ ಪುಟಿದು ಪಕ್ಕಕ್ಕೆ ಹಾರುತ್ತದೆ. ಪೆಟ್ಟು ಬೀಳುವುದು ಈ ಎರಡನೇ ಜಿಗಿತದಿಂದ. ಆದ್ದರಿಂದ ದೊಡ್ಡ ಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ ಇಳಿಸಿಕೊಂಡು ಬನ್ನಿ. ಕೊಂಬೆಯ ಕೆಳಗಲ್ಲ, ಅದರ ಪಕ್ಕಕ್ಕೆ ನಿಂತು ಕೊಯ್ಯಿರಿ. ಎಂಜಿನ್ ಶುರು ಮಾಡುವ ಮುಂಚೆ ಹಿಂದಕ್ಕೆ ಸರಿಯುವ ದಾರಿಯನ್ನು ಒಮ್ಮೆ ನಡೆದು ನೋಡಿ. ಕಾಫಿ ತೋಟದಲ್ಲಿ ಗಿಡದ ಸಾಲು, ತೊಟ್ಟಿಲು ಗುಂಡಿ (ಮಳೆನೀರು ಇಂಗಲು ತೋಡಿದ ಗುಂಡಿ), ಒದ್ದೆ ತರಗೆಲೆ ಎಲ್ಲ ಕಾಲಿಗೆ ತೊಡರುತ್ತವೆ. ತಲೆ ಮೇಲೆತ್ತಿಕೊಂಡೇ ಹಿಂದೆ ಹೆಜ್ಜೆ ಇಡಬೇಕಾಗುತ್ತದೆ ಅಲ್ವಾ? ಬೇರೆ ಯಾರೇ ಇದ್ದರೂ 15 ಮೀಟರ್ ಆಚೆ ಇರಲಿ. ಬಿದ್ದ ಸೊಪ್ಪು ಎಳೆಯುವವರು ಎಂಜಿನ್ ನಿಂತ ಮೇಲೆಯೇ ಒಳಗೆ ಬರಬೇಕು.

ಎತ್ತರ ಸಾಲದೆ ಬಂದರೆ ಏಣಿ ಮೇಲೆ ನಿಂತು ಪೋಲ್ ಸಾ ಹಿಡಿಯುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಎರಡು ಕೈಯೂ ಯಂತ್ರದ ಮೇಲಿರುವಾಗ ಏಣಿ ಹಿಡಿಯಲು ಕೈ ಎಲ್ಲಿದೆ?

ಕೊಂಬೆ ಓದುವುದು, ಕೊಯ್ಯುವುದು

ಮೊದಲು ಮರವನ್ನು ಸುತ್ತಲೂ ನೋಡಿ. ಕಣಜದ ಗೂಡು, ಹೆಜ್ಜೇನು ಇದೆಯಾ? ಒಣ ಕೊಂಬೆ ಎಲ್ಲಾದರೂ ಸಿಕ್ಕಿಕೊಂಡಿದೆಯಾ? ಸಿಲ್ವರ್ ಓಕ್ ಕೊಂಬೆ ಪಟ್ಟನೆ ಮುರಿಯುವ ಜಾತಿ, ಹಾಲುವಾಣದ್ದು ಮೆದು ಮರ. ಎರಡೂ ನೀವು ಎಣಿಸಿದ್ದಕ್ಕಿಂತ ಬೇಗ ಕೈಬಿಡುತ್ತವೆ. ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಕೊಂಬೆ ಬಳ್ಳಿಯನ್ನು ಸೀಳಿಕೊಂಡು ಬರದ ದಿಕ್ಕು ಹುಡುಕಿ.

ಅಡ್ಡಕ್ಕೆ ಚಾಚಿದ ಕೊಂಬೆಯಲ್ಲಿ ಮೇಲ್ಭಾಗ ಎಳೆತದಲ್ಲಿರುತ್ತದೆ, ಕೆಳಭಾಗ ಒತ್ತಡದಲ್ಲಿರುತ್ತದೆ. ಮೇಲಿನಿಂದ ಸುಮ್ನೆ ಕೊಯ್ದುಬಿಟ್ಟರೆ ಕೊನೆಯಲ್ಲಿ ಕೊಂಬೆ ಜೋತುಬಿದ್ದು, ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಬರುತ್ತದೆ. ಆ ಗಾಯ ಮುಚ್ಚಲು ವರ್ಷಗಟ್ಟಲೆ ಬೇಕು. ಅದಕ್ಕೆ ಮೂರು ಕೊಯ್ತ. 10 ಸೆಂಟಿಮೀಟರ್‌ಗಿಂತ ದಪ್ಪ ಇದ್ದರೆ ಇದನ್ನು ತಪ್ಪಿಸಲೇಬೇಡಿ. ಕಾಂಡದಿಂದ ಸುಮಾರು 20 ಸೆಂಟಿಮೀಟರ್ ಆಚೆ, ಕೆಳಗಿನಿಂದ ದಪ್ಪದ ಕಾಲು ಭಾಗದಷ್ಟು ಕೊಯ್ಯಿರಿ. ಜಾಸ್ತಿ ಒಳಗೆ ಹೋದರೆ ಕೊಂಬೆಯ ಭಾರಕ್ಕೆ ಸೀಳು ಮುಚ್ಚಿ ಬಾರ್, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿ, ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದರಿಂದ ತುಸು ಹೊರಗೆ, ಮೇಲಿನಿಂದ ಪೂರ್ತಿ ಕೊಯ್ಯಿರಿ. ಭಾರ ಇಳಿದ ಮೇಲೆ ಉಳಿದ ತುಂಡನ್ನು ಮೂರನೇ ಕೊಯ್ತದಲ್ಲಿ ತೆಗೆಯಿರಿ.

ಕೈಗೆ ಏನು ಗೊತ್ತಾಗುತ್ತದೆ ಅನ್ನುವುದನ್ನೂ ತಿಳಿದಿರಿ. ಮೇಲಿನಿಂದ ಕೊಯ್ಯುವಾಗ ಬಾರ್‌ನ ಕೆಳ ಅಂಚಿನ ಚೈನ್ ಯಂತ್ರವನ್ನು ಮರದ ಕಡೆ ಎಳೆಯುತ್ತದೆ. ಕೆಳಗಿನಿಂದ ಕೊಯ್ಯುವಾಗ ಮೇಲಿನ ಅಂಚಿನ ಚೈನ್ ನಿಮ್ಮ ಕಡೆ ತಳ್ಳುತ್ತದೆ. ಕೊನೆಯ ನಾರು ಕಡಿದ ಕೂಡಲೇ ಇಡೀ ಯಂತ್ರದ ಭಾರ ಒಮ್ಮೆಗೇ ಕೈ ಮೇಲೆ ಬೀಳುತ್ತದೆ. ಉದ್ದ ಚಾಚುವ ಪೆಟ್ರೋಲ್ ಯಂತ್ರಗಳು 7-8 ಕೆ.ಜಿ. ತೂಗುತ್ತವೆ. ಬೆಲ್ಟ್ ಹಾಕಿಕೊಳ್ಳಿ, ಕಾಲು ಅಗಲಿಸಿ ನಿಲ್ಲಿ.

ಬಾರ್‌ನ ಮೂತಿಯ ಮೇಲಿನ ಭಾಗ ಇನ್ನೊಂದು ಕೊಂಬೆಗೆ ತಗುಲಿದರೆ ಗರಗಸ ಹಿಂದಕ್ಕೆ ಒದೆಯುತ್ತದೆ, ಇದೇ ಕಿಕ್‌ಬ್ಯಾಕ್. ಮಾಮೂಲಿ ಚೈನ್ ಸಾದಲ್ಲಿ ಇದಕ್ಕೆ ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರುತ್ತದೆ. ಹೆಚ್ಚಿನ ಪೋಲ್ ಸಾಗಳಲ್ಲಿ ಇಲ್ಲ. ಹಾಗಾಗಿ ಇಕ್ಕಟ್ಟಾದ ಕವಲಿನೊಳಗೆ ಮೂತಿ ತೂರಿಸಬೇಡಿ, ಮೊದಲು ಅಡ್ಡ ಬಂದ ಸಣ್ಣ ರೆಂಬೆಗಳನ್ನು ತೆಗೆದು ಜಾಗ ಮಾಡಿಕೊಳ್ಳಿ. ಪೂರ್ತಿ ರೇಸ್ ಕೊಟ್ಟು ಚೈನ್ ಓಡುತ್ತಿರುವಾಗಲೇ ಮರಕ್ಕೆ ತಾಗಿಸಿ.

ಕೊನೆಯ ಕೊಯ್ತ ಎಲ್ಲಿ?

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ, ತೊಗಟೆ ಅಲ್ಲಿ ಸುಕ್ಕಾಗಿರುತ್ತದೆ. ಕೊಯ್ತ ಆ ಉಬ್ಬಿನ ಹೊರ ಅಂಚಿಗೆ ಬರಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ಯುವುದು ನೋಡಲು ಚೆಂದ, ಮರಕ್ಕೆ ಕೆಟ್ಟದ್ದು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರ ನಮ್ಮ ಚರ್ಮದ ಹಾಗೆ ಗಾಯ ವಾಸಿ ಮಾಡಿಕೊಳ್ಳುವುದಿಲ್ಲ, ಕೊಳೆತ ಒಳಗೆ ಹರಡದಂತೆ ಗೋಡೆ ಕಟ್ಟಿ ಮುಚ್ಚಿಹಾಕುತ್ತದೆ. ಆ ಗೋಡೆ ಕಟ್ಟುವ ಶಕ್ತಿ ಉಬ್ಬಿನ ಜಾಗದಲ್ಲಿದೆ. ಅದನ್ನೇ ಕೊಯ್ದರೆ ಕೊಳೆತ ಕಾಂಡದೊಳಗೆ ಇಳಿಯುತ್ತದೆ. ಉದ್ದ ಮೋಟು ಬಿಟ್ಟರೂ ತಪ್ಪು, ಅದು ಒಣಗಿ ಕೊಳೆಯುತ್ತದೆ. ಕೆಳಗೆ ನಿಂತು ನೋಡುವಾಗ ಈ ಉಬ್ಬು ಸರಿಯಾಗಿ ಕಾಣುವುದಿಲ್ಲ. ಕೊನೆಯ ಕೊಯ್ತಕ್ಕೆ ಮುಂಚೆ ಎಂಜಿನ್ ನಿಲ್ಲಿಸಿ, ಪಕ್ಕಕ್ಕೆ ಹೋಗಿ, ಬೆಳಕಿಗೆ ಎದುರಾಗಿ ನೋಡಿ ಗುರುತಿಟ್ಟುಕೊಳ್ಳಿ.

ಎಷ್ಟು ಕೊಂಬೆ ತೆಗೆಯಬೇಕು ಅನ್ನುವುದೂ ಮುಖ್ಯ. ಯಂತ್ರ ಕೈಯಲ್ಲಿದ್ದರೆ ಕೊಯ್ಯುತ್ತಲೇ ಹೋಗುವ ಆಸೆ ಬರುತ್ತದೆ. ದಟ್ಟ ನೆರಳು, ತೇವ ಉಳಿದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ. ತೀರಾ ಬಯಲು ಮಾಡಿದರೆ ಅರೇಬಿಕಾಕ್ಕೆ ಬಿಳಿ ಕಾಂಡ ಕೊರಕ ಹುಳು, ಅದಕ್ಕೆ ಬಿಸಿಲು ಬಿದ್ದ ಗಿಡವೇ ಇಷ್ಟ. ಬೀಳುವ ಬಿಸಿಲು ನೆಲದಲ್ಲಿ ಚುಕ್ಕೆ ಚುಕ್ಕೆಯಾಗಿ ಹರಡಿದರೆ ಸಾಕು.

ಯಂತ್ರದ ಬಗ್ಗೆ ಚುಟುಕಾಗಿ: ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕೈಗೆ ಗ್ಲೌಸ್, ಜಾರದ ಬೂಟು. ಕನ್ನಡಕ ಮರೆತರೆ ಐದೇ ನಿಮಿಷಕ್ಕೆ ಗೊತ್ತಾಗುತ್ತದೆ, ಮರದ ಪುಡಿಯೆಲ್ಲ ಉದುರುವುದು ಮುಖದ ಮೇಲೇ. ಚೈನ್ ಆಯಿಲ್ ಇದೆಯಾ, ಚೈನ್ ಸಡಿಲ ಆಗಿದೆಯಾ ಅಂತ ಪ್ರತಿ ಸಲ ಪೆಟ್ರೋಲ್ ಹಾಕುವಾಗ ನೋಡಿ. ಎಂಜಿನ್ ತಣ್ಣಗಾದ ಮೇಲೆ ಪೆಟ್ರೋಲ್ ಹಾಕಿ, ಅಲ್ಲಿಂದ 3 ಮೀಟರ್ ದೂರ ಹೋಗಿ ಶುರು ಮಾಡಿ. ಮರದಿಂದ ಮರಕ್ಕೆ ಹೋಗುವಾಗ ಎಂಜಿನ್ ಆಫ್, ಬಾರ್‌ಗೆ ಕವರ್.

ಬಾರ್ ಸಿಕ್ಕಿಕೊಂಡರೆ, ಕೊಂಬೆ ನೇತಾಡಿದರೆ

ಬಾರ್ ಸಿಕ್ಕಿಕೊಂಡರೆ ಮೊದಲು ಎಂಜಿನ್ ನಿಲ್ಲಿಸಿ. ಜೋತುಬಿದ್ದು ಎಳೆಯಬೇಡಿ, ಎಳೆದರೆ ಗರಗಸ ಮತ್ತು ಕೊಂಬೆ ಎರಡೂ ಒಟ್ಟಿಗೆ ಬರುತ್ತವೆ. ಪಕ್ಕದಿಂದ ಕೊಕ್ಕೆ ಕೋಲಿನಲ್ಲಿ ಕೊಂಬೆಯನ್ನು ತುಸು ಎತ್ತಿ ಬಾರ್ ಬಿಡಿಸಿ. ಕೊಯ್ದ ಕೊಂಬೆ ಕೆಳಗೆ ಬರದೆ ಇನ್ನೊಂದು ಕವಲಿನಲ್ಲಿ ಸಿಕ್ಕಿ ನೇತಾಡಿದರೆ ಅದರ ಕೆಳಗೆ ಹೋಗಬೇಡಿ, ಪೋಲ್ ಸಾದಲ್ಲಿ ತಿವಿಯಬೇಡಿ. ದೂರದಿಂದ ಹಗ್ಗ ಎಸೆದು, ಪಕ್ಕಕ್ಕೆ ಎಳೆಯಿರಿ. ಹಗ್ಗಕ್ಕೂ ಬಗ್ಗದಿದ್ದರೆ ಆ ಮರದ ಸುತ್ತ ಹಗ್ಗ ಕಟ್ಟಿ, ಯಾರೂ ಹೋಗದಂತೆ ಎಲ್ಲರಿಗೂ ಹೇಳಿ, ಮರ ಹತ್ತುವವರನ್ನು ಕರೆಸಿ. ಸಂಜೆ ಕೆಲಸ ಮುಗಿಸಿ ಹೊರಡುವ ಆತುರದಲ್ಲಿ ಅದನ್ನು ಹಾಗೇ ಬಿಟ್ಟು ಹೋಗಬೇಡಿ. ಮಾರನೇ ದಿನ ಅಲ್ಲಿ ಕಳೆ ತೆಗೆಯಲು ಬರುವವರಿಗೆ ಮೇಲೆ ಕೊಂಬೆ ಇರುವುದು ಗೊತ್ತಿರುವುದಿಲ್ಲ.