ಅಬರ್ಬನೆಲ್ ಟಿಪ್ಪಣಿ: ರಾಜನನ್ನು ಇಡಲೇಬೇಕಾ, ಇಡಬಹುದಾ?

ಮೂರು ವಾರದಿಂದ ರಬ್ಬಿ ಐಸಾಕ್ ಅಬರ್ಬನೆಲ್ ಅವರ ಹಿಂದೆ ಬಿದ್ದಿದ್ದೇನೆ. 15ನೇ ಶತಮಾನದ ಯಹೂದಿ ಪಂಡಿತ, ಹೀಬ್ರೂ ಬೈಬಲಿಗೆ ವ್ಯಾಖ್ಯಾನ ಬರೆದವರು. ಜನ ತಮಗೊಬ್ಬ ರಾಜನನ್ನು ಇಟ್ಟುಕೊಳ್ಳಲೇಬೇಕು ಅಂತ ಬೈಬಲ್ ಹೇಳುತ್ತದಾ, ಇಟ್ಟುಕೊಳ್ಳಬಹುದು ಅಂತಷ್ಟೇ ಹೇಳುತ್ತದಾ ಅನ್ನುವುದು ನನ್ನ ಪ್ರಶ್ನೆ. ನಿನ್ನೆ ರಾತ್ರಿ ಒಂದು ಗಂಟು ಬಿಚ್ಚಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಹೆಸರು. ಒಂದು ಪುಸ್ತಕದಲ್ಲಿ ಅಬರ್ಬನೆಲ್, ಇನ್ನೊಂದರಲ್ಲಿ ಅಬ್ರವನೆಲ್. ನಾನು ಇಬ್ಬರು ಅಂದುಕೊಂಡು ಎರಡು ಕಾರ್ಡ್ ಮಾಡಿದ್ದೆ. ಒಬ್ಬರೇ. ಹಾಗೆಯೇ, ವ್ಯಾಖ್ಯಾನಗಳಲ್ಲಿ ಪದೇಪದೇ ಬರುವ 'ರಾಶಿ' ಅಂದರೆ ಕಣದ ರಾಶಿಯಲ್ಲ, 11ನೇ ಶತಮಾನದ ಫ್ರಾನ್ಸಿನ ದೊಡ್ಡ ವ್ಯಾಖ್ಯಾನಕಾರ.

ಬದುಕನ್ನು ಬೇಗ ಮುಗಿಸುತ್ತೇನೆ. 1437ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದರು. ಪೋರ್ಚುಗಲ್ ರಾಜ ಐದನೇ ಅಫೊನ್ಸೊನ ಹಣಕಾಸು ನೋಡಿಕೊಂಡರು. 1481ರಲ್ಲಿ ಆ ರಾಜ ಸತ್ತ, ಮಗ ಎರಡನೇ ಜೊವಾವೊ ಬಂದ. ಹೊಸ ರಾಜನಿಗೆ ದೊಡ್ಡ ಜಮೀನುದಾರರ ಮೇಲೆ ಅನುಮಾನ. 1483ರಲ್ಲಿ ಬ್ರಗಾನ್ಸಾದ ಡ್ಯೂಕನ ತಲೆ ತೆಗೆಸಿದ. ಅಬರ್ಬನೆಲ್ ಆ ಡ್ಯೂಕನಿಗೆ ಹತ್ತಿರದವರು. ಅರಮನೆಯಿಂದ ಕರೆ ಬಂತು, ದಾರಿಯಲ್ಲೇ ಯಾರೋ ಎಚ್ಚರಿಸಿದರು, ಗಡಿ ದಾಟಿ ಕಾಸ್ಟೀಲಿಗೆ, ಅಂದರೆ ಈಗಿನ ಸ್ಪೇನಿಗೆ, ಓಡಿದರು. ಆಸ್ತಿಯೆಲ್ಲ ಹೋಯಿತು. ಅಲ್ಲಿ ಆರು ತಿಂಗಳೊಳಗೆ ಬೈಬಲಿನ ಯೆಹೋಶುವ, ನ್ಯಾಯಸ್ಥಾಪಕರು, ಸಮುವೇಲ ಈ ಮೂರು ಪುಸ್ತಕಕ್ಕೂ ವ್ಯಾಖ್ಯಾನ ಬರೆದು ಮುಗಿಸಿದರು. ಆಮೇಲೆ ಮತ್ತೆ ಅರಮನೆ: 1484ರಿಂದ ಫರ್ಡಿನೆಂಡ್ ಮತ್ತು ಇಸಬೆಲ್ಲಾ ಅವರ ಕೆಲಸ. 1492ರಲ್ಲಿ ಅದೇ ರಾಜದಂಪತಿ ಯಹೂದಿಗಳನ್ನೆಲ್ಲ ಸ್ಪೇನಿನಿಂದ ಹೊರಹಾಕಿದರು. ಎಷ್ಟು ಬೇಡಿಕೊಂಡರೂ ಆದೇಶ ಬದಲಾಗಲಿಲ್ಲ. ನೇಪಲ್ಸಿಗೆ ಹೋದರು. ಅಲ್ಲೂ ಅರಮನೆ ಕೆಲಸ. 1495ರಲ್ಲಿ ಫ್ರೆಂಚ್ ಸೈನ್ಯ ಅಲ್ಲಿಗೂ ಬಂತು, ಪುಸ್ತಕಗಳೆಲ್ಲ ಹಾಳಾದವು.

(ಇಸವಿ ಲೆಕ್ಕಕ್ಕೆ ಒಂದು ಸಣ್ಣ ಉಪಾಯ. ಹೀಬ್ರೂ ವರ್ಷದಿಂದ 3760 ಕಳೆಯಿರಿ. ಆದರೆ ಅವರ ಹೊಸ ವರ್ಷ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ. ಹಾಗಾಗಿ ಅಲ್ಲಿಂದ ಡಿಸೆಂಬರ್‌ವರೆಗಿನ ತಿಂಗಳಾದರೆ 3761 ಕಳೆಯಬೇಕು. ಯೆಹೋಶುವ ವ್ಯಾಖ್ಯಾನ ಶುರುವಾದದ್ದು 5244ರ ಮರ್ಹೆಷ್ವಾನ್ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್ ಹೊತ್ತಿನ ಹೀಬ್ರೂ ತಿಂಗಳು), ಅಂದರೆ 1483. ನಾನು ಸುಮ್ನೆ 3760 ಕಳೆದು 1484 ಬರೆದೆ. ಓಡಿಹೋದ ಮೇಲೆ ಒಂದು ವರ್ಷ ಇವರು ಏನು ಮಾಡುತ್ತಿದ್ದರು ಅಂತ ಎರಡು ದಿನ ಹುಡುಕಿದೆ.)

ಅವರು ಬರೆಯುವ ರೀತಿ ಗೊತ್ತಿದ್ದರೆ ಓದು ಸುಲಭ. ಪದ ಪದಕ್ಕೆ ಅರ್ಥ ಹೇಳುತ್ತಾ ಹೋಗುವುದಿಲ್ಲ. ಒಂದು ಭಾಗ ತೆಗೆದುಕೊಂಡು ಮೊದಲು ಪ್ರಶ್ನೆಗಳನ್ನೆಲ್ಲ ರಾಶಿ ಹಾಕುತ್ತಾರೆ. ಸಮುವೇಲದಂಥ ಪುಸ್ತಕಗಳಲ್ಲಿ ಭಾಗಕ್ಕೆ ಆರು ಪ್ರಶ್ನೆ. ತೋರಾದಲ್ಲಿ, ಅಂದರೆ ಮೋಶೆಯ ಐದು ಪುಸ್ತಕಗಳಲ್ಲಿ, ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಉತ್ತರ ಬರುವುದು ಎಷ್ಟೋ ಪುಟ ಆದಮೇಲೆ. ನಾನು ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಯಾವ ಉತ್ತರ ಯಾವ ಪ್ರಶ್ನೆಗೆ ಅಂತ ತಿಳಿಯುವುದೇ ಇಲ್ಲ.

ಈಗ ನಾನು ಸಿಕ್ಕಿಬಿದ್ದ ಜಾಗ. ಮೋಶೆಯ ಐದು ಪುಸ್ತಕಗಳಲ್ಲಿ ಕೊನೆಯದಾದ ಧರ್ಮೋಪದೇಶಕಾಂಡ, 17:14-15. ನನ್ನ ಮಾತಲ್ಲಿ ಹೇಳುವುದಾದರೆ: ನೀನು ಆ ದೇಶಕ್ಕೆ ಬಂದು, ಅದನ್ನು ವಶ ಮಾಡಿಕೊಂಡು, ಅಲ್ಲಿ ನೆಲೆಸಿ, 'ಸುತ್ತಲಿನ ಜನರಿಗೆಲ್ಲ ಇರುವ ಹಾಗೆ ನನಗೂ ಒಬ್ಬ ರಾಜ ಇರಲಿ' ಅಂದಾಗ, ದೇವರು ಆರಿಸಿದವನನ್ನು ರಾಜನಾಗಿ ಇಟ್ಟುಕೊ. ಅವನು ನಿಮ್ಮವರಲ್ಲಿ ಒಬ್ಬನಾಗಿರಬೇಕು, ಪರದೇಶಿ ಬೇಡ.

ಇದು ಆಜ್ಞೆಯಾ? 12ನೇ ಶತಮಾನದ ದೊಡ್ಡ ಯಹೂದಿ ಪಂಡಿತ ಮೈಮೊನಿಡೀಸ್ ಹೌದು ಅನ್ನುತ್ತಾರೆ. ದೇಶಕ್ಕೆ ಬಂದಮೇಲೆ ಮಾಡಬೇಕಾದ ಮೂರು ಕೆಲಸದಲ್ಲಿ ರಾಜನನ್ನು ನೇಮಿಸುವುದೂ ಒಂದು ಅಂತ ಅವರ ಲೆಕ್ಕ. ನನಗೂ ಹಾಗೇ ಅನಿಸಿತ್ತು. ಕಾರಣ 'ಇಟ್ಟುಕೊ' ಅನ್ನುವ ಜಾಗದಲ್ಲಿ ಹೀಬ್ರೂವಿನಲ್ಲಿ 'ಸೋಮ್ ತಾಸೀಮ್' ಅಂತಿದೆ. ಒಂದೇ ಕ್ರಿಯಾಪದ ಎರಡು ಸಲ. ಒತ್ತು ಕೊಡುವ ರೀತಿ ಅದು. ನಮ್ಮ 'ಇಟ್ಟೇ ಇಡು' ಇದ್ದ ಹಾಗೆ. 'ಇಟ್ಟೇ ಇಡು' ಅಂದಮೇಲೆ ಇನ್ನೇನು ಅನುಮಾನ, ಅಲ್ವಾ?

ಆದರೆ ಅಬರ್ಬನೆಲ್ ಇದು ಆಜ್ಞೆ ಅಲ್ಲ, ಅನುಮತಿ ಅನ್ನುತ್ತಾರೆ. ಇಲ್ಲಿ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಅಡುಗೆಮನೆಯಲ್ಲಿ ಸಿಕ್ಕಿದ ಉತ್ತರ ಇದು. 'ಸಾರಿಗೆ ಖಾರ ಬೇಕು ಅಂದ್ರೆ ಬ್ಯಾಡಗಿ ಮೆಣಸಿನಕಾಯೇ ಹಾಕು' ಅಂತ ಅಮ್ಮ ಹೇಳಿದರೆ, ಖಾರ ಹಾಕಲೇಬೇಕು ಅಂತಲ್ಲ. ಹಾಕುವುದಾದರೆ ಯಾವುದು ಅನ್ನುವುದಷ್ಟೇ ಅಪ್ಪಣೆ. ಆ 'ಏ' ಕೂತಿರುವುದು ಮೆಣಸಿನಕಾಯಿಯ ಮೇಲೆ. ಇಲ್ಲೂ ಅಷ್ಟೇ. 'ರಾಜ ಬೇಕು' ಅನ್ನುವುದು ದೇವರ ಮಾತಲ್ಲ, ಜನರ ಬಾಯಲ್ಲಿ ಬರುವ ಮಾತು. ದೇವರ ಅಪ್ಪಣೆ ಶುರುವಾಗುವುದು ಆಮೇಲೆ: ಇಡುವುದಾದರೆ ಇಂಥವನನ್ನೇ ಇಡು. ಒತ್ತು 'ಇಡು' ಮೇಲೆ ಅಲ್ಲ, 'ಇಂಥವನನ್ನೇ' ಮೇಲೆ.

ಇದಕ್ಕೆ ನಾನು ಇಟ್ಟ ಹೆಸರು ಪ್ಯಾರಾಪೆಟ್ ಸೂತ್ರ. ಅದೇ ಪುಸ್ತಕದ 22:8ರಲ್ಲಿ ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತ ಗೋಡೆ ಕಟ್ಟು, ಯಾರೂ ಬಿದ್ದು ಸಾಯಬಾರದು ಅಂತಿದೆ. ಪ್ಯಾರಾಪೆಟ್ ಕಡ್ಡಾಯ. ಮನೆ ಕಡ್ಡಾಯವಲ್ಲ. ಬಾಡಿಗೆ ಮನೆಯಲ್ಲೇ ಇದ್ದು ಸತ್ತರೆ ಯಾವ ಆಜ್ಞೆಯನ್ನೂ ಮುರಿದ ಹಾಗಲ್ಲ. ಯಾವ ವಾಕ್ಯ ಬಂದರೂ ಕೇಳಿಕೊಳ್ಳಿ: ಇದರಲ್ಲಿ ಮನೆ ಯಾವುದು, ಪ್ಯಾರಾಪೆಟ್ ಯಾವುದು?

ಅಬರ್ಬನೆಲ್ ಕೊಡುವ ಹೋಲಿಕೆ ಬೇರೆ, ಇದಕ್ಕಿಂತ ಖಾರ. 21ನೇ ಅಧ್ಯಾಯದಲ್ಲಿ ಯುದ್ಧದಲ್ಲಿ ಸೆರೆ ಸಿಕ್ಕ ಹೆಣ್ಣಿನ ನಿಯಮ ಬರುತ್ತದೆ. ಅವಳ ಮೇಲೆ ಮನಸ್ಸಾದರೆ ಮನೆಗೆ ಕರೆತಂದು, ತಲೆ ಬೋಳಿಸಿ, ಒಂದು ತಿಂಗಳು ಅಪ್ಪ ಅಮ್ಮನಿಗಾಗಿ ಅಳಲು ಬಿಟ್ಟು, ಆಮೇಲೆ ಮದುವೆಯಾಗು. ಅಲ್ಲಿ ಆಸೆಪಡು ಅಂತ ಯಾರೂ ಆಜ್ಞೆ ಮಾಡಿಲ್ಲ. ಮನುಷ್ಯನ ಕೆಟ್ಟ ಆಸೆಯನ್ನು ನೋಡಿ ಮಾಡಿದ ನಿಯಮ ಅದು ಅಂತ ತಾಲ್ಮುದ್, ಅಂದರೆ ಯಹೂದಿ ಪಂಡಿತರ ಹಳೆಯ ಚರ್ಚೆಗಳ ಸಂಗ್ರಹ, ಹೇಳುತ್ತದೆ. ರಾಜ ಬೇಕು ಅನ್ನುವುದೂ ಅದೇ ಜಾತಿಯ ಆಸೆ ಅನ್ನುತ್ತಾರೆ ಇವರು. ಇದನ್ನು ಹೇಳುತ್ತಿರುವವರು ಜೀವನವಿಡೀ ರಾಜರ ಖಜಾನೆ ನೋಡಿಕೊಂಡವರು!

ಅನುಮತಿ ಅನ್ನುವ ಮಾತು ಇವರಿಗಿಂತ ಮೊದಲೇ ಇತ್ತು. ಹಿಂದಿನ ವ್ಯಾಖ್ಯಾನಕಾರ ಇಬ್ನ್ ಎಜ್ರಾ ಹಾಗೇ ಹೇಳಿದ್ದರು. ಆದರೆ ಅದನ್ನು ಇವರಷ್ಟು ದೂರ ಎಳೆದವರಿಲ್ಲ ಅಂತ ನನ್ನ ಅನಿಸಿಕೆ.

ಈ ಗಂಟು ಬಿಚ್ಚಿದರೆ 1 ಸಮುವೇಲ 8 ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಸ್ರಾಯೇಲಿನ ಹಿರಿಯರು ಪ್ರವಾದಿ ಸಮುವೇಲನ ಹತ್ತಿರ ಬಂದು ರಾಜ ಬೇಕು ಅನ್ನುತ್ತಾರೆ. ಸಮುವೇಲನಿಗೆ ಬೇಜಾರು. ದೇವರು, ಅವರು ಬೇಡ ಅಂದದ್ದು ನಿನ್ನನ್ನಲ್ಲ, ನನ್ನನ್ನು ಅನ್ನುತ್ತಾನೆ. ರಾಜ ಬಂದರೆ ಗಂಡುಮಕ್ಕಳನ್ನು ರಥಕ್ಕೆ, ಹೆಣ್ಣುಮಕ್ಕಳನ್ನು ಅಡುಗೆಗೆ ಎಳೆದುಕೊಳ್ಳುತ್ತಾನೆ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಕೀಳುತ್ತಾನೆ ಅಂತ ಸಮುವೇಲ ಎಚ್ಚರಿಸುತ್ತಾನೆ. ರಾಜನನ್ನು ನೇಮಿಸುವುದು ಆಜ್ಞೆಯಾಗಿದ್ದರೆ, ಅದನ್ನು ಪಾಲಿಸಲು ಬಂದವರ ಮೇಲೆ ಸಿಟ್ಟು ಯಾಕೆ? ಕೇಳಿದ್ದು ಸರಿ, ಕೇಳಿದ ರೀತಿ ತಪ್ಪು ಅಂತ ಹಳಬರು ತೇಪೆ ಹಾಕುತ್ತಿದ್ದರು. ಇವರು ಅದನ್ನು ಒಪ್ಪುವುದಿಲ್ಲ. ಕೇಳಿದ್ದೇ ತಪ್ಪು.

ರಾಜನಿಲ್ಲದೆ ನಾಡು ನಡೆಯುತ್ತದೆಯಾ ಅಂದರೆ ವೆನಿಸ್, ಫ್ಲಾರೆನ್ಸ್, ಜಿನೋವಾ ನೋಡಿ ಅನ್ನುತ್ತಾರೆ. ಅಲ್ಲಿ ಆಳುವವರು ಇಂತಿಷ್ಟು ಕಾಲಕ್ಕೆ ಅಂತ ಆರಿಸಿ ಬಂದವರು. ಮುಂದಿನವರು ಹಿಂದಿನವರ ಲೆಕ್ಕ ಕೇಳಬಹುದು. ಇಲ್ಲಿ ನಾನು ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಹಾಗಾದರೆ ಕೆಟ್ಟ ರಾಜನನ್ನು ಕಿತ್ತೊಗೆಯಬಹುದು ಅಂತ ಬರೆದುಕೊಂಡೆ. ಇಲ್ಲ. ಒಮ್ಮೆ ರಾಜನಿಗೆ ಮಾತು ಕೊಟ್ಟಮೇಲೆ, ಅವನು ಕೆಟ್ಟವನಾದರೂ ಜನ ದಂಗೆ ಏಳುವ ಹಾಗಿಲ್ಲ ಅಂತಲೇ ಅವರ ನಿಲುವು.

ಧರ್ಮೋಪದೇಶಕಾಂಡದ ವ್ಯಾಖ್ಯಾನವನ್ನು ಅವರು ಲಿಸ್ಬನ್ನಿನಲ್ಲೇ ಶುರು ಮಾಡಿದ್ದರು. ಓಡುವಾಗ ಹಸ್ತಪ್ರತಿ ಕಳೆದುಹೋಯಿತು. 1495ರಲ್ಲಿ, ಊರೂರು ಅಲೆಯುತ್ತಾ ಕೋರ್ಫು ದ್ವೀಪಕ್ಕೆ ಬಂದಾಗ, ಅದೇ ಪ್ರತಿ ಅಲ್ಲಿ ಸಿಕ್ಕಿತು! ಮರುವರ್ಷ ಇಟಲಿಯ ಮೊನೊಪೊಲಿಯಲ್ಲಿ ಮುಗಿಸಿದರು. 1503ರಲ್ಲಿ ವೆನಿಸ್ ಸೇರಿದರು, ತಾವು ಹೊಗಳಿದ ಊರಿಗೇ. ಆಗ ವಾಸ್ಕೋ ಡ ಗಾಮನ ದಾರಿ ಹಿಡಿದು ನಮ್ಮ ಮಲಬಾರಿನ ಕಾಳುಮೆಣಸು ನೇರ ಲಿಸ್ಬನ್ನಿಗೆ ಹೋಗುತ್ತಿತ್ತು. ವೆನಿಸ್ ವ್ಯಾಪಾರಿಗಳಿಗೆ ಹೊಟ್ಟೆನೋವು. ಸಂಬಾರ ಪದಾರ್ಥದ ಬಗ್ಗೆ ಎರಡೂ ಕಡೆ ಮಾತಾಡಿಸಲು ಈ ಮುದುಕರು ಮುಂದೆ ಬಂದರು. 1508ರಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಪಡುವಾದಲ್ಲಿ.

ಅಭ್ಯಾಸಕ್ಕೆ ಒಂದು: ಧರ್ಮೋಪದೇಶಕಾಂಡ 12:20. 'ಮಾಂಸ ತಿನ್ನಬೇಕು' ಅಂತ ನೀನು ಅಂದಾಗ ತಿನ್ನು ಅಂತಿದೆ. ಅಲ್ಲೂ ಮೊದಲು ಬರುವುದು ಜನರ ಬಾಯಿಯ ಮಾತೇ. ಮನೆ ಯಾವುದು, ಪ್ಯಾರಾಪೆಟ್ ಯಾವುದು, ನೋಡಿ ಹೇಳಿ.